ಹೆಸರುಕಾಳು ಹುಡುಕಿದರೆ ಹೆಸರು ತಿದ್ದುಪಡಿ ಬರುತ್ತದೆ: ನಾಲೆಡ್ಜ್ ಬೇಸ್‌ನ ಹುಡುಕಾಟವನ್ನು ಹಿಡಿತಕ್ಕೆ ತರುವುದು ಹೇಗೆ?

ಪ್ರಶ್ನೆ: ಗದಗದಲ್ಲಿ ರೈತರ ಸಹಾಯವಾಣಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬೀಜ, ಗೊಬ್ಬರ, ಬೆಳೆ ವಿಮೆ, ಸಾಲ, ಪಹಣಿ ಕುರಿತ ನಾನ್ನೂರರಷ್ಟು ಲೇಖನಗಳು ನಮ್ಮ ನಾಲೆಡ್ಜ್ ಬೇಸ್‌ನಲ್ಲಿವೆ. ಫೋನಿನಲ್ಲಿ ರೈತರು ಕಾಯುತ್ತಿರುವಾಗ ಸಿಬ್ಬಂದಿ ‘ಹೆಸರು ವಿಮೆ’ ಎಂದು ಹುಡುಕಿದರೆ ಮೊದಲು ಬರುವುದು ‘ಆಧಾರ್ ಮತ್ತು ಪಹಣಿಯಲ್ಲಿ ಹೆಸರು ಹೊಂದದಿದ್ದರೆ’ ಎಂಬ ಲೇಖನ. ಅದರ ಕೆಳಗೆ ಎರಡು ವರ್ಷ ಹಿಂದಿನ ಸುತ್ತೋಲೆ. ಹೆಸರು ಬೆಳೆಯ ವಿಮೆಯ ಲೇಖನ ಎರಡನೇ ಪುಟದಲ್ಲಿ ಇರುತ್ತದೆ. ಇದಲ್ಲದೆ, ಸಿಬ್ಬಂದಿಗಾಗಿ ಬರೆದ ಟಿಪ್ಪಣಿಗಳು ರೈತರಿಗೆ ತೆರೆದಿರುವ ಪುಟದ ಹುಡುಕಾಟದಲ್ಲೂ ಕಾಣಿಸುತ್ತಿವೆ. ಮುಖ್ಯ ಲೇಖನಗಳನ್ನು ಮೇಲಕ್ಕೆ ಪಿನ್ ಮಾಡಿಬಿಟ್ಟರೆ ಸಾಕಾಗುತ್ತದೆಯೇ?

ಉತ್ತರ: ಸಾಕಾಗುವುದಿಲ್ಲ. ಪಿನ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ.

ನೀವು ಒಂದೇ ತೊಂದರೆ ಎಂದು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಈ ಲೇಖನ ಹುಡುಕಾಟದಲ್ಲಿ ಇರಲೇಬೇಕೇ? ಇರಬೇಕಾದರೆ ಯಾರ ಕಣ್ಣಿಗೆ ಬೀಳಬೇಕು? ಬೀಳುವುದಾದರೆ ಎಷ್ಟನೆಯದಾಗಿ ಬರಬೇಕು? ಇವನ್ನು ಇದೇ ಕ್ರಮದಲ್ಲಿ ಬಗೆಹರಿಸಬೇಕು. ಹೆಚ್ಚಿನ ತಂಡಗಳು ಮೂರನೆಯದಕ್ಕೇ ನೇರವಾಗಿ ಕೈ ಹಾಕುತ್ತವೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಹಳೆಯ ಸುತ್ತೋಲೆಯನ್ನು ಹುಡುಕಾಟದಲ್ಲಿ ಹಾಗೆಯೇ ಬಿಟ್ಟು ಹೊಸದನ್ನು ಮೇಲಕ್ಕೆ ತಂದಿರೆನ್ನಿ. ಸಿಬ್ಬಂದಿ ಒಂದು ಪದ ಬದಲಿಸಿ ಹುಡುಕಿದ ಕೂಡಲೇ ಹಳೆಯದು ಮತ್ತೆ ಮೇಲೆ ಬಂದು ಕೂರುತ್ತದೆ. ಆ ಅವಸರದಲ್ಲಿ ನೋಂದಣಿಗೆ ಹಿಂದೆಂದೋ ಇದ್ದ ಕೊನೆಯ ದಿನಾಂಕವನ್ನು ರೈತರಿಗೆ ಓದಿ ಹೇಳಿದರೆ ಒಂದು ಹಂಗಾಮಿನ ವಿಮೆಯೇ ಕೈತಪ್ಪಬಹುದು. ಇದನ್ನು ತಾಂತ್ರಿಕ ವಿಭಾಗದ ಕೆಲಸವೆಂದು ಬಿಟ್ಟುಬಿಡದೆ, ಲೇಖನ ಬರೆಯುವವರೂ ಫೋನ್ ಎತ್ತುವವರೂ ಒಟ್ಟಿಗೆ ಕೂತು ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮೊದಲು ‘ಹೆಸರು ವಿಮೆ’ ಏಕೆ ಹಾಗೆ ದಿಕ್ಕು ತಪ್ಪುತ್ತದೆ ಎಂದು ನೋಡೋಣ. ಅದು ತಿಳಿದರೆ ಅರ್ಧ ಪರಿಹಾರ ತಾನಾಗಿಯೇ ಹೊಳೆಯುತ್ತದೆ.

ಇಂದಿಗೂ ಅನೇಕ ಹುಡುಕಾಟ ವ್ಯವಸ್ಥೆಗಳು ಲೇಖನದ ಅರ್ಥವನ್ನು ಓದುವುದಿಲ್ಲ, ಪದಗಳನ್ನು ತೂಗುತ್ತವೆ. ಅಪರೂಪದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಸಿಗುವ ಪದಕ್ಕೆ ಕಡಿಮೆ ತೂಕ ಎಂಬ ವಿಚಾರವನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಅದರ ಮೇಲೆ ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ಬಿಎಂ25 ಎಂಬ ಸೂತ್ರವನ್ನು ಬೆಳೆಸಿದರು. ಇಲಾಸ್ಟಿಕ್‌ಸರ್ಚ್ ಎಂಬ ಜನಪ್ರಿಯ ಹುಡುಕಾಟ ತಂತ್ರಾಂಶ 2016ರ ಐದನೇ ಆವೃತ್ತಿಯಿಂದ ಇದನ್ನೇ ಮೂಲ ಸೂತ್ರವಾಗಿ ಬಳಸುತ್ತಿದೆ. ನಿಮ್ಮ ತಂತ್ರಾಂಶದ ಒಳಗೂ ಇದೋ ಇದರ ನಂಟೋ ಇರುವ ಸಾಧ್ಯತೆ ಹೆಚ್ಚು. ಈ ಸೂತ್ರ ಮೂರು ಸಂಗತಿಗಳನ್ನು ನೋಡುತ್ತದೆ: ಪದ ಎಷ್ಟು ಅಪರೂಪ, ಈ ಲೇಖನದಲ್ಲಿ ಎಷ್ಟು ಸಲ ಬಂದಿದೆ, ಲೇಖನ ಎಷ್ಟು ಉದ್ದವಿದೆ.

ಈಗ ನಿಮ್ಮ ನಾನ್ನೂರು ಲೇಖನಗಳನ್ನು ನೆನಪಿಸಿಕೊಳ್ಳಿ. ‘ರೈತರ ಹೆಸರು’, ‘ಬ್ಯಾಂಕಿನ ಹೆಸರು’, ‘ಗ್ರಾಮದ ಹೆಸರು’ ಇಲ್ಲದ ಅರ್ಜಿ ವಿವರಣೆ ಯಾವುದಿದೆ? ಗದಗ, ರೋಣ, ನರಗುಂದದ ರೈತರಿಗೆ ಹೆಸರು ಎಂದರೆ ಮುಂಗಾರಿನ ಮೊದಲ ಬೆಳೆ. ಯಂತ್ರಕ್ಕೆ ಅದು ಎಲ್ಲ ಕಡೆಯೂ ಸಿಗುವ, ತೂಕವೇ ಇಲ್ಲದ ಪದ. ಇಂಥಲ್ಲಿ ಆಟ ನಡೆಯುವುದು ಉಳಿದ ಎರಡು ಸಂಗತಿಗಳ ಮೇಲೆ. ಆಧಾರ್ ಕುರಿತ ಲೇಖನ ಚಿಕ್ಕದು, ಶೀರ್ಷಿಕೆಯಲ್ಲೇ ‘ಹೆಸರು’ ಇದೆ, ಒಡಲಿನಲ್ಲೂ ಅದೇ ಪದ ಮತ್ತೆ ಮತ್ತೆ ಬರುತ್ತದೆ, ನಡುವೆ ಎಲ್ಲೋ ‘ವಿಮೆ’ಯೂ ಇದೆ. ಗೆಲ್ಲುವುದು ಅದೇ.

ಇನ್ನೊಂದು ಕಾರಣ ಕನ್ನಡದ್ದೇ. ನಿಮ್ಮ ಬೆಳೆ ವಿಮೆಯ ಲೇಖನವನ್ನು ತೆರೆದು ನೋಡಿ. ಅಲ್ಲಿ ‘ಹೆಸರಿನ ಬೆಳೆಗೆ’, ‘ಹೆಸರಿಗೆ’, ‘ವಿಮೆಯನ್ನು’, ‘ವಿಮೆಗಾಗಿ’ ಎಂದಿರುತ್ತದೆ. ವಿಭಕ್ತಿ ಹತ್ತಿದ ಪದವನ್ನು ಯಂತ್ರ ಬೇರೆಯೇ ಪದವೆಂದು ಎಣಿಸುತ್ತದೆ. ‘ವಿಮೆ’ ಎಂದು ಹುಡುಕಿದಾಗ ಪದದ ಆರಂಭವನ್ನು ಹೊಂದಿಸಿ ನೋಡುವ ವ್ಯವಸ್ಥೆಯಿದ್ದರೆ ‘ವಿಮೆಗಾಗಿ’ ಸಿಕ್ಕೀತು. ಆದರೆ ‘ಹೆಸರು’ ಎಂಬುದು ‘ಹೆಸರಿನ’ ಆಗುವಾಗ ಕೊನೆಯ ಸ್ವರವೇ ಬದಲಾಗುತ್ತದೆ, ಹಾಗಾಗಿ ಅದೂ ಕೈಗೂಡುವುದಿಲ್ಲ. ಇಲಾಸ್ಟಿಕ್‌ಸರ್ಚ್‌ನಲ್ಲಿ ಹಿಂದಿ, ಬಂಗಾಳಿಗೆ ವಿಭಕ್ತಿ ಬಿಡಿಸಿ ಮೂಲ ಪದವನ್ನು ಗುರುತಿಸುವ ಸಿದ್ಧ ಪದವಿಶ್ಲೇಷಕಗಳಿವೆ, ಕನ್ನಡಕ್ಕೆ ಇಲ್ಲ. ಈ ಕೊರತೆಯನ್ನು ನಾವು ಬರವಣಿಗೆಯಿಂದಲೇ ತುಂಬಿಕೊಳ್ಳಬೇಕು.

ತುಂಬಿಕೊಳ್ಳುವ ಬಗೆ ಸರಳ. ಈಗ ನಿಮ್ಮ ಲೇಖನದ ಶೀರ್ಷಿಕೆ ಬಹುಶಃ ‘ಮುಂಗಾರು ಹಂಗಾಮಿನ ಬೆಳೆಗಳಿಗೆ ವಿಮಾ ಮಾರ್ಗಸೂಚಿ’ ಎಂಬಂತೆ ಇದ್ದೀತು. ಅದನ್ನು ‘ಹೆಸರುಕಾಳು ಬೆಳೆ ವಿಮೆ: ಮಳೆಯಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸುವುದು ಹೇಗೆ’ ಎಂದು ಬದಲಿಸಿ. ಮುಖ್ಯ ನಾಮಪದಗಳು ವಿಭಕ್ತಿಯಿಲ್ಲದೆ, ಬಿಡಿಬಿಡಿಯಾಗಿ, ಮೊದಲಲ್ಲೇ ಬರಲಿ. ಫೋನ್ ಮಾಡುವವರು ಮಾರ್ಗಸೂಚಿ ಕೇಳುವುದಿಲ್ಲ. ‘ಹೆಸರು ಬಿಡಿಸಿ ಕಣಕ್ಕೆ ಹಾಕಿದ್ದೇವೆ, ಮಳೆ ಹೊಡೆದಿದೆ, ಏನು ಮಾಡಬೇಕು’ ಎಂದು ಕೇಳುತ್ತಾರೆ. ಶೀರ್ಷಿಕೆ ಆ ಪ್ರಶ್ನೆಗೆ ಹತ್ತಿರ ಇರಬೇಕು. ಲೇಖನದ ಜೊತೆಗೆ ‘ಹುಡುಕು ಪದಗಳು’ ಎಂಬ ಒಂದು ಅಂಕಣ ಇಟ್ಟು, ಓದುಗರಿಗೆ ಕಾಣದಂತೆ ಅದರಲ್ಲಿ ಹೆಸರು ಬೆಳೆ, ಹೆಸರುಕಾಳು, ಹೆಸರು ವಿಮೆ, ಫಸಲ್ ಬಿಮಾ ಎಂದೂ, ಸಿಬ್ಬಂದಿ ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚು ಮಾಡುವ ರೂಪಗಳನ್ನೂ ತುಂಬಿ. ಬಳಿಕ ಹುಡುಕಾಟದ ಸೆಟ್ಟಿಂಗ್‌ನಲ್ಲಿ ಶೀರ್ಷಿಕೆಗೆ ಮೂರು ಪಟ್ಟು, ಹುಡುಕು ಪದಗಳಿಗೆ ಎರಡು ಪಟ್ಟು, ಒಡಲಿಗೆ ಒಂದು ಪಟ್ಟು ತೂಕ ಕೊಟ್ಟು ಆರಂಭಿಸಿ. ಸೂತ್ರದ ಒಳಗಿನ ಇತರ ಅಂಕಿಗಳನ್ನು ಮುಟ್ಟಬೇಡಿ. ನಾನ್ನೂರು ಲೇಖನಗಳ ಕೋಶದಲ್ಲಿ ಅವುಗಳಿಂದ ಸಿಗುವ ಲಾಭ ಅತ್ಯಲ್ಪ, ಗೊಂದಲವೇ ಹೆಚ್ಚು.

ಇನ್ನು ಒಂದನೇ ಪ್ರಶ್ನೆ: ಹುಡುಕಾಟದಲ್ಲಿ ಏನಿರಬೇಕು, ಏನಿರಬಾರದು.

ಹಳೆಯದನ್ನೆಲ್ಲ ಅಳಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಬೆಳೆ ವಿಮೆಯಲ್ಲಿ ಒಂದು ಹಂಗಾಮು ಮುಗಿದ ಮೇಲೂ ಅದರ ಪರಿಹಾರದ ಕುರಿತು ಕರೆಗಳು ಬರುತ್ತಲೇ ಇರುತ್ತವೆ. ‘ಹೋದ ಮುಂಗಾರಿನದು ಇನ್ನೂ ಖಾತೆಗೆ ಬಿದ್ದಿಲ್ಲ’ ಎಂದು ಕೇಳುವವರಿಗೆ ಉತ್ತರ ಹೇಳಲು ಆ ಸುತ್ತೋಲೆ ಬೇಕು. ಆದ್ದರಿಂದ ಪ್ರತಿಯೊಂದು ವಿಷಯವನ್ನೂ ಸ್ಥಿರ ಭಾಗ, ಹಂಗಾಮಿನ ಭಾಗ ಎಂದು ಎರಡಾಗಿ ಒಡೆಯಿರಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಜಾರಿಗೆ ಬಂದಿತು. ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತರ ಪಾಲಿನ ಪ್ರೀಮಿಯಂ ಮುಂಗಾರಿನಲ್ಲಿ ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿನಲ್ಲಿ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬುದೂ ಯೋಜನೆಯ ನಿಯಮ. ಇಂಥವನ್ನೆಲ್ಲ ಒಂದು ಖಾಯಂ ಲೇಖನದಲ್ಲಿಡಿ, ಅದರ ವಿಳಾಸ ಎಂದೂ ಬದಲಾಗದಿರಲಿ. ನೋಂದಣಿಯ ಕೊನೆಯ ದಿನಾಂಕ, ಹೋಬಳಿ ಅಥವಾ ಗ್ರಾಮ ಪಂಚಾಯಿತಿವಾರು ಅಧಿಸೂಚಿತ ಬೆಳೆ, ವಿಮಾ ಕಂಪನಿಯ ಸಂಪರ್ಕ ಮುಂತಾದ ಹಂಗಾಮಿನ ವಿವರಗಳಿಗೆ ಪ್ರತ್ಯೇಕ ಚಿಕ್ಕ ಲೇಖನ ಇರಲಿ. ಅದರ ಶೀರ್ಷಿಕೆಯಲ್ಲೇ ವರ್ಷ ಮತ್ತು ಹಂಗಾಮು ಇರಲಿ.

ಈ ಚಿಕ್ಕ ಲೇಖನಗಳಿಗೆ ‘ಇಲ್ಲಿಯವರೆಗೆ ಸಿಂಧು’ ಎಂಬ ದಿನಾಂಕ ಕೊಡಿ. ದಿನಾಂಕ ದಾಟಿದ ಲೇಖನ ಸಾಮಾನ್ಯ ಹುಡುಕಾಟದಿಂದ ಹೊರಬೀಳಲಿ, ಸಿಬ್ಬಂದಿ ‘ಹಳೆಯವನ್ನೂ ತೋರಿಸು’ ಎಂದು ಗುರುತು ಹಾಕಿದರೆ ಮಾತ್ರ ಬರಲಿ. ಅದರ ನೆತ್ತಿಯ ಮೇಲೆ ಎದ್ದು ಕಾಣುವ ಪಟ್ಟಿಯೊಂದರಲ್ಲಿ ‘ಈ ಹಂಗಾಮು ಮುಗಿದಿದೆ’ ಎಂದು ಬರೆದು ಹೊಸ ಲೇಖನದ ಲಿಂಕ್ ಕೊಡಿ. ವಾಟ್ಸಾಪ್‌ನಲ್ಲಿ ಊರೂರು ಸುತ್ತಿರುವ ಹಳೆಯ ಲಿಂಕ್ ಒತ್ತಿ ಬರುವವರಿಗೆ ಇದು ತೀರ ಅಗತ್ಯ.

ಕೆಲವು ತಂಡಗಳು ಸಿಂಧು ದಿನಾಂಕದ ಬದಲು ‘ಇತ್ತೀಚೆಗೆ ತಿದ್ದಿದ್ದು ಮೊದಲು’ ಎಂಬ ನಿಯಮ ಹಾಕುತ್ತವೆ. ಇದನ್ನು ನಾನು ಒಪ್ಪುವುದಿಲ್ಲ. ಯಾರೋ ಹಳೆಯ ಸುತ್ತೋಲೆಯಲ್ಲಿ ಒಂದು ಕಾಗುಣಿತ ಸರಿಪಡಿಸಿದರೆ ಅದು ಹೊಸದಾಗಿಬಿಡುತ್ತದೆ. ಎಂದೂ ಬದಲಾಗದ ಒಳ್ಳೆಯ ಲೇಖನ ತಿಂಗಳು ತಿಂಗಳೂ ಕೆಳಗಿಳಿಯುತ್ತದೆ. ಹೊಸತನಕ್ಕೆ ತೂಕ ಕೊಡಲೇಬೇಕೆಂದಿದ್ದರೆ, ಒಬ್ಬರು ಓದಿ ‘ಇಂದಿಗೂ ಸರಿ’ ಎಂದು ಸಹಿ ಹಾಕಿದ ದಿನಾಂಕವನ್ನು ಆಧಾರವಾಗಿಟ್ಟುಕೊಳ್ಳಿ.

ಇದರ ಮಗ್ಗುಲಲ್ಲೇ ಇನ್ನೊಂದು ತೊಂದರೆ ಇದೆ: ಹುಡುಕಾಟದಲ್ಲಿ ಇರಬೇಕಾಗಿದ್ದೂ ಇರದ ಲೇಖನಗಳು. ಹಳೆಯ ಸುತ್ತೋಲೆಗಳನ್ನು ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರೆ, ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ‘ವಿಮೆ’ ಎಂದು ಹುಡುಕಿದರೆ ಅದು ಎಂದೆಂದಿಗೂ ಸಿಗದು. ಯೂನಿಕೋಡ್‌ಗೆ ಪರಿವರ್ತಿಸಿಯೇ ಸೇರಿಸಬೇಕು. ಮುದ್ರೆ, ಸಹಿ ಇರುವ ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ, ಅದರೊಳಗೆ ಪದಗಳೇ ಇಲ್ಲ. ಟೆಸೆರ‍್ಯಾಕ್ಟ್‌ನಂತಹ ಮುಕ್ತ ತಂತ್ರಾಂಶ ಚಿತ್ರದಲ್ಲಿನ ಕನ್ನಡವನ್ನೂ ಓದಿ ಪಠ್ಯವಾಗಿಸಬಲ್ಲದು, ಆದರೆ ಅದು ಓದಿದ ದಿನಾಂಕ ಮತ್ತು ಮೊತ್ತಗಳನ್ನು ಒಬ್ಬರು ಮೂಲದೊಂದಿಗೆ ತಾಳೆ ನೋಡಲೇಬೇಕು. ಇಡೀ ಸುತ್ತೋಲೆಯ ಬದಲು ಅದರ ತಿರುಳನ್ನು ಹತ್ತು ಸಾಲಿನಲ್ಲಿ ಬರೆದು ಮೂಲವನ್ನು ಲಗತ್ತಿಸುವುದು ಇನ್ನೂ ಒಳ್ಳೆಯದು. ಫೋನ್ ಹಿಡಿದವರಿಗೆ ಬೇಕಾಗಿರುವುದು ಆ ಹತ್ತು ಸಾಲುಗಳೇ.

ತಾಂತ್ರಿಕ ವಿಭಾಗಕ್ಕೆ ಹೇಳಬೇಕಾದ ಒಂದು ಮಾತು ಇಲ್ಲಿದೆ. ಯೂನಿಕೋಡ್‌ನಲ್ಲಿ ‘ೋ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಲೇಖನವನ್ನೂ ಹುಡುಕುವ ಪದವನ್ನೂ ಒಂದೇ ರೂಪಕ್ಕೆ ತರುವ ಕ್ರಮವನ್ನು ಜಾರಿಗೊಳಿಸಲು ಹೇಳಿ. ಅಕ್ಷರಗಳ ನಡುವೆ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳ ವಿಷಯವೂ ಹೀಗೆಯೇ.

ಎರಡನೇ ಪ್ರಶ್ನೆ ಸಿಬ್ಬಂದಿಯ ಟಿಪ್ಪಣಿಗಳದು. ಇದನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ, ಆದರೆ ಇಂದೇ ಮಾಡಬೇಕಾದ ಕೆಲಸ ಇದು. ಹುಡುಕಾಟದಿಂದ ಮರೆಮಾಡುವುದು ಒಂದು, ನೋಡುವ ಹಕ್ಕನ್ನೇ ಕೊಡದಿರುವುದು ಇನ್ನೊಂದು. ಬಹಳಷ್ಟು ತಂತ್ರಾಂಶಗಳಲ್ಲಿ ‘ಹುಡುಕಾಟದಲ್ಲಿ ತೋರಿಸಬೇಡ’ ಎಂಬ ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಿದರೆ ಲೇಖನ ಫಲಿತಾಂಶದಲ್ಲಿ ಬರುವುದಿಲ್ಲ, ಆದರೆ ಲಿಂಕ್ ಇದ್ದವರು ಯಾರೇ ಆಗಲಿ ತೆರೆಯಬಹುದು. ನಿಮ್ಮ ಟಿಪ್ಪಣಿಗಳಲ್ಲಿ ಅಧಿಕಾರಿಗಳ ಖಾಸಗಿ ಮೊಬೈಲ್ ಸಂಖ್ಯೆ ಇರಬಹುದು, ಉದಾಹರಣೆಗೆಂದು ಹಾಕಿದ ಚಿತ್ರದಲ್ಲಿ ಯಾರೋ ರೈತರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರಬಹುದು. ಅವಕ್ಕೆ ಚೌಕ ಸಾಲದು, ಬೀಗ ಬೇಕು. ಟಿಪ್ಪಣಿಗಳನ್ನು ಸಿಬ್ಬಂದಿಗೆ ಮಾತ್ರ ಎಂದು ಗುಂಪು ಮಾಡಿ, ಲಾಗಿನ್ ಇಲ್ಲದೆ ತೆರೆಯದಂತೆ ಹಕ್ಕು ನಿಗದಿಪಡಿಸಿ. ಹುಡುಕಾಟ ಯಂತ್ರವೂ ಪ್ರತಿ ಸಲ ‘ಕೇಳುತ್ತಿರುವವರಿಗೆ ಈ ಹಕ್ಕು ಇದೆಯೇ’ ಎಂದು ಸೋಸಿಯೇ ಫಲಿತಾಂಶ ಕೊಡಬೇಕು. ಆಧಾರ್ ಸಂಖ್ಯೆ ಇರುವ ಚಿತ್ರಗಳನ್ನಂತೂ ಬೀಗ ಹಾಕಿದ ಟಿಪ್ಪಣಿಯಲ್ಲೂ ಉಳಿಸಬೇಡಿ, ಮಸುಕು ಮಾಡಿದ ಪ್ರತಿ ಹಾಕಿ.

ಪರೀಕ್ಷಿಸುವಾಗ ನಿಮ್ಮ ಲಾಗಿನ್‌ನಲ್ಲಿ ನೋಡಿ ಸಮಾಧಾನಪಡಬೇಡಿ. ಬೇರೆ ಮೊಬೈಲ್‌ನಲ್ಲಿ, ಲಾಗಿನ್ ಆಗದೆ, ರೈತರು ನೋಡುವಂತೆಯೇ ನೋಡಿ. ಸೋರಿಕೆ ಹೆಚ್ಚಾಗಿ ಆಗುವುದು ಲೇಖನದಿಂದಲ್ಲ. ಬೆರಳಚ್ಚು ಮಾಡುವಾಗ ಕೆಳಗೆ ಇಳಿಯುವ ಸಲಹೆಗಳಲ್ಲಿ ಟಿಪ್ಪಣಿಯ ಶೀರ್ಷಿಕೆ ಇಣುಕುತ್ತದೆ, ಫಲಿತಾಂಶದ ಕೆಳಗಿನ ಎರಡು ಸಾಲಿನ ತುಣುಕಿನಲ್ಲಿ ಫೋನ್ ಸಂಖ್ಯೆ ಕಾಣುತ್ತದೆ, ಲೇಖನಕ್ಕೆ ಬೀಗವಿದ್ದರೂ ಅದರ ಲಗತ್ತಿಗೆ ಇರುವುದಿಲ್ಲ. ನಾಲೆಡ್ಜ್ ಬೇಸ್ ಆಧರಿಸಿ ತಾನೇ ಉತ್ತರ ಕೊಡುವ ಚಾಟ್ ಸೇವೆಯನ್ನು ಮುಂದೆ ಜೋಡಿಸುವುದಾದರೆ ಅದಕ್ಕೂ ಇದೇ ಸೋಸುವಿಕೆ ಅನ್ವಯಿಸಬೇಕು. ಇಲ್ಲದಿದ್ದರೆ ಅದು ಟಿಪ್ಪಣಿಯನ್ನು ಓದಿ ತನ್ನ ಮಾತಿನಲ್ಲಿ ರೈತರಿಗೆ ಹೇಳಿಬಿಡುತ್ತದೆ. ಗೂಗಲ್‌ನಂತಹ ಹೊರಗಿನ ಹುಡುಕಾಟಕ್ಕೆ ಬೇರೆ ನಿಯಮವಿದೆ. ಯಾವ ಪುಟ ಓದಬಾರದೆಂದು ಹೊರಗಿನ ಯಂತ್ರಗಳಿಗೆ ತಿಳಿಸುವ ರೋಬೋಟ್ಸ್ ಕಡತದಲ್ಲಿ ತಡೆದ ಪುಟದ ವಿಳಾಸವೂ ಬೇರೆ ಕಡೆಯಿಂದ ಲಿಂಕ್ ಸಿಕ್ಕರೆ ಅಲ್ಲಿ ಕಾಣಿಸಿಕೊಳ್ಳಬಹುದು. ಫಲಿತಾಂಶದಲ್ಲಿ ತೋರಿಸಬೇಡ ಎಂದು ಪುಟದಲ್ಲೇ ಹಾಕುವ ‘ನೋಇಂಡೆಕ್ಸ್’ ಸೂಚನೆ ಕೆಲಸ ಮಾಡಬೇಕಾದರೆ ಆ ಯಂತ್ರ ಪುಟವನ್ನು ಓದಲು ನೀವು ಬಿಡಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಸೂಚನೆ ಅದಕ್ಕೆ ತಲುಪುವುದೇ ಇಲ್ಲ.

ಇಷ್ಟಾದ ಮೇಲೆ ಮೂರನೆಯದು, ಕ್ರಮ. ಶೀರ್ಷಿಕೆಗಳನ್ನು ತಿದ್ದಿ ಹಳೆಯವನ್ನು ಹೊರಗಿಟ್ಟ ಕೂಡಲೇ ಇದರಲ್ಲಿ ಬಹುಪಾಲು ಸರಿಹೋಗಿರುತ್ತದೆ. ಉಳಿದದ್ದಕ್ಕೆ ಸಮಾನಾರ್ಥಕ ಪಟ್ಟಿ ಬೇಕು. ನಮ್ಮ ಭಾಗಕ್ಕೆ ಇದರಷ್ಟು ಫಲ ಕೊಡುವ ಸಾಧನ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ, ಏಕೆಂದರೆ ಸುತ್ತೋಲೆಯ ಕನ್ನಡ ಬೇರೆ, ಗದಗ, ಹಾವೇರಿಯ ಹೊಲದ ಕನ್ನಡ ಬೇರೆ. ರೈತರು ‘ಉತಾರ’ ಎನ್ನುತ್ತಾರೆ, ನಿಮ್ಮ ಲೇಖನ ‘ಪಹಣಿ’ ಎನ್ನುತ್ತದೆ, ಅರ್ಜಿ ‘ಆರ್‌ಟಿಸಿ’ ಎನ್ನುತ್ತದೆ. ‘ಗೋವಿನಜೋಳ’ ಎಂದು ಹುಡುಕಿದರೆ ‘ಮೆಕ್ಕೆಜೋಳ’ದ ಲೇಖನ ಬರಬೇಕು, ‘ಶೇಂಗಾ’ ಎಂದರೆ ‘ನೆಲಗಡಲೆ’ಯೂ ‘ಕಡಲೆಕಾಯಿ’ಯೂ ಬರಬೇಕು. ‘ಹುಬ್ಬಳ್ಳಿ’ ಮತ್ತು ‘ಹುಬ್ಳಿ’, ‘ಹಿಂಗಾರು’ ಮತ್ತು ‘ಹಿಂಗಾರಿ’ ಕೂಡ ಜೋಡಿಗಳೇ.

ಆದರೆ ಪಟ್ಟಿ ಮಾಡುವಾಗ ಎಚ್ಚರ ಬೇಕು. ‘ಜೋಳ’ವನ್ನು ‘ಮೆಕ್ಕೆಜೋಳ’ಕ್ಕೆ ಜೋಡಿಸಬೇಡಿ. ಬೆಂಗಳೂರಿನಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಆ ಜೋಡಣೆ ಇರಬಹುದು, ಇಲ್ಲಿ ಜೋಳವೆಂದರೆ ರೊಟ್ಟಿಯ ಜೋಳ. ‘ಕಡಲೆ’ಯದು ಇನ್ನೂ ನಾಜೂಕು. ಗದಗದ ಎರೆ ಹೊಲದಲ್ಲಿ ಕಡಲೆ ಹಿಂಗಾರಿನ ಮುಖ್ಯ ಬೆಳೆ. ಪದದ ಆರಂಭವನ್ನು ಹೊಂದಿಸುವ ಹುಡುಕಾಟ ‘ಕಡಲೆ’ ಎಂದೊಡನೆ ‘ಕಡಲೆಕಾಯಿ’ಯ ಲೇಖನಗಳನ್ನೂ ಎಳೆದು ತರುತ್ತದೆ. ಆದ್ದರಿಂದ ಇಡೀ ಪದ ಹೊಂದಿದರೆ ಹೆಚ್ಚು ತೂಕ, ಆರಂಭ ಮಾತ್ರ ಹೊಂದಿದರೆ ಕಡಿಮೆ ತೂಕ ಎಂದು ನಿಗದಿಪಡಿಸಬೇಕು. ನಿಮ್ಮ ಮೂಲ ತೊಂದರೆಗೂ ಇಲ್ಲಿಯೇ ಪರಿಹಾರ ಇದೆ. ‘ಹೆಸರು’ ಒಂಟಿಯಾಗಿ ಬಂದರೆ ಏನೂ ಬದಲಿಸಬೇಡಿ. ‘ಹೆಸರು ವಿಮೆ’, ‘ಹೆಸರು ಬೆಳೆ’, ‘ಹೆಸರು ಬೀಜ’, ‘ಹೆಸರು ಬೆಂಬಲ ಬೆಲೆ’ ಎಂದು ಜೋಡಿಯಾಗಿ ಬಂದರೆ ಮಾತ್ರ ಅದನ್ನು ‘ಹೆಸರುಕಾಳು’ ಎಂದು ಓದುವಂತೆ ನಿಯಮ ಬರೆಯಿಸಿ. ‘ಹೆಸರು ತಿದ್ದುಪಡಿ’, ‘ಹೆಸರು ಸೇರ್ಪಡೆ’ ಹಾಗೆಯೇ ಉಳಿಯಲಿ. ಫಲಿತಾಂಶದ ಪಕ್ಕದಲ್ಲಿ ‘ಬೆಳೆ’, ‘ದಾಖಲೆ’ ಎಂಬ ವಿಭಾಗದ ಗುರುತು ಕಾಣುವಂತಿದ್ದರೆ, ಒಂಟಿ ‘ಹೆಸರು’ ಹುಡುಕಿದವರೂ ಕ್ಷಣದಲ್ಲಿ ಆರಿಸಿಕೊಳ್ಳುತ್ತಾರೆ. ಈ ಪಟ್ಟಿ ಲೇಖನ ಸೇರಿಸುವ ಹೊತ್ತಿಗಲ್ಲ, ಹುಡುಕುವ ಹೊತ್ತಿಗೆ ಅನ್ವಯಿಸುವಂತಿರಲಿ. ಆಗ ಹೊಸ ಪದ ಸೇರಿಸಿದಾಗಲೆಲ್ಲ ನಾನ್ನೂರು ಲೇಖನಗಳನ್ನು ಹುಡುಕಾಟದ ಸೂಚಿಗೆ ಮತ್ತೆ ಸೇರಿಸುವ ಕೆಲಸ ಬರುವುದಿಲ್ಲ.

ಪಟ್ಟಿಗೆ ಪದಗಳು ಎಲ್ಲಿಂದ ಬರಬೇಕು? ಹುಡುಕಾಟದ ದಾಖಲೆಯಿಂದ. ಯಾವ ಪದಕ್ಕೆ ಒಂದೂ ಫಲಿತಾಂಶ ಬರಲಿಲ್ಲ, ಫಲಿತಾಂಶ ಬಂದರೂ ಯಾವುದನ್ನು ಯಾರೂ ತೆರೆಯಲಿಲ್ಲ ಎಂಬ ಎರಡು ವರದಿಗಳನ್ನು ವಾರಕ್ಕೊಮ್ಮೆ ತೆಗೆಸಿ. ಹೆಚ್ಚು ಸಲ ಬಂದ ಮೂವತ್ತು ಹುಡುಕಾಟಗಳನ್ನು ಸಿಬ್ಬಂದಿ ಬರೆದ ಕಾಗುಣಿತದಲ್ಲೇ, ತಪ್ಪಿದ್ದರೆ ತಪ್ಪನ್ನೂ ಉಳಿಸಿಕೊಂಡು, ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿಯೊಂದರ ಮುಂದೆ ಮೊದಲ ಮೂರರಲ್ಲಿ ಬರಲೇಬೇಕಾದ ಲೇಖನ ಯಾವುದೆಂದು ಗುರುತಿಸಿ. ಇದನ್ನು ತೀರ್ಮಾನಿಸಬೇಕಾದವರು ಕರೆ ಸ್ವೀಕರಿಸುವವರು. ತೂಕ ಬದಲಿಸಿದಾಗ, ಪಟ್ಟಿಗೆ ಪದ ಸೇರಿಸಿದಾಗ ಈ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿ. ‘ಹೆಸರು ವಿಮೆ’ಯನ್ನು ಸರಿಪಡಿಸಲು ಹೋಗಿ ‘ಹೆಸರು ತಿದ್ದುಪಡಿ’ ಕೆಟ್ಟಿದೆಯೇ ಎಂಬುದು ಇದರಿಂದ ಕೂಡಲೇ ತಿಳಿಯುತ್ತದೆ.

ಈಗ ಪಿನ್. ಅದಕ್ಕೂ ಒಂದು ಸಂದರ್ಭವಿದೆ. ಆಗಸ್ಟ್ ಹೊತ್ತಿಗೆ ಹೆಸರಿನ ಕೊಯ್ಲಿನ ವೇಳೆ ಮಳೆ ಹಿಡಿದರೆ ಒಂದೇ ವಿಷಯಕ್ಕೆ ಕರೆಗಳ ಸುರಿಮಳೆಯಾಗುತ್ತದೆ. ಆಗ ಹಾನಿ ತಿಳಿಸುವ ಲೇಖನವನ್ನು ‘ಮಳೆ’, ‘ಹಾನಿ’, ‘ವಿಮೆ’ ಹುಡುಕಾಟಗಳಿಗೆ ಮೇಲೆ ಪಿನ್ ಮಾಡಿ. ಒಂದು ಹುಡುಕಾಟಕ್ಕೆ ಒಂದು, ಹೆಚ್ಚೆಂದರೆ ಎರಡು ಪಿನ್ ಸಾಕು. ಪ್ರತಿ ಪಿನ್‌ಗೂ ಹಾಕಿದವರ ಹೆಸರು ಮತ್ತು ತಾನಾಗಿ ಬಿದ್ದುಹೋಗುವ ದಿನಾಂಕ ಇರಬೇಕು. ತಂತ್ರಾಂಶದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡಿ. ಪಿನ್ ಮಾಡಿದ ಲೇಖನ ಲಾಗಿನ್ ಇಲ್ಲದವರಿಗೂ ತೆರೆಯುತ್ತದೆಯೇ ಎಂದು ನೋಡಿ. ಸಿಬ್ಬಂದಿಯ ಟಿಪ್ಪಣಿಯನ್ನು ಸಾರ್ವಜನಿಕ ಹುಡುಕಾಟಕ್ಕೆ ಪಿನ್ ಮಾಡಲು ತಂತ್ರಾಂಶ ಬಿಡುತ್ತಿದ್ದರೆ ಹಕ್ಕುಗಳನ್ನು ಸರಿಯಾಗಿ ನಿಗದಿಪಡಿಸಿಲ್ಲ ಎಂದೇ ಅರ್ಥ. ಹಿಂಗಾರಿನ ಕಡಲೆ, ಜೋಳದ ನೋಂದಣಿ ಶುರುವಾಗುವ ಮುನ್ನ ಹೆಸರಿನ ಪಿನ್‌ಗಳನ್ನು ತೆಗೆದು, ಮೂವತ್ತು ಹುಡುಕಾಟಗಳ ಹಾಳೆಯಲ್ಲಿ ಆ ಹಂಗಾಮಿನ ಪ್ರಶ್ನೆಗಳನ್ನು ಸೇರಿಸಿಕೊಳ್ಳಿ.